ಟೈಪ್‌ಸ್ಟ್‌ನ ಮೌಲ್ಯ ಬದಲಾವಣೆ ಮತ್ತು ಬಣ್ಣದ ಫಂಕ್ಷನ್‌ಗಳಿಗೆ ಕೈಪಿಡಿ ಬರೆಯುವುದು ಹೇಗೆ: ಹಂತ ಹಂತವಾಗಿ

ಮಂಡ್ಯ ಕಡೆಯ ಒಂದು ಹಾಲಿನ ಡೈರಿಗೆ ತಿಂಗಳ ಬಿಲ್ ಮಾಡಿಕೊಡುವ ಹುಡುಗ ಒಂದು ದಿನ ಬೆಳಿಗ್ಗೆ ಆರಕ್ಕೇ ಫೋನ್ ಮಾಡಿದ. "ಅಣ್ಣ, ಒಂದು ಬಿಲ್ಲಲ್ಲಿ 12121212 ಅಂತ ಪುಟದ ಅಂಚು ದಾಟಿ ಹೋಗಿದೆ, ಏನ್ ಮಾಡ್ಲಿ?" ಹಾಲು 12 ಲೀಟರ್, ದರ 35. ಬರಬೇಕಾದದ್ದು 420. ಬಂದದ್ದು 12 ಅನ್ನುವುದೇ ಸಾಲಾಗಿ 35 ಸಲ.

ಸಿಎಸ್‌ವಿ ಫೈಲಿನಿಂದ (ಕಾಮಾ ಹಾಕಿ ಬೇರ್ಪಡಿಸಿದ ದತ್ತಾಂಶದ ಫೈಲು) ಬಂದ ಲೀಟರ್ ಅಂಕಿಯಾಗಿರಲಿಲ್ಲ, ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಆಗಿತ್ತು. ಕೋಡ್ ಬರೆದು ಪುಟ ಜೋಡಿಸುವ ತಂತ್ರಾಂಶವಾದ ಟೈಪ್‌ಸ್ಟ್‌ನಲ್ಲಿ ಸ್ಟ್ರಿಂಗನ್ನು ಇಂಟಿಜರ್‌ನಿಂದ (ಪೂರ್ಣಾಂಕದಿಂದ) ಗುಣಿಸಿದರೆ ಅದು ಅಷ್ಟು ಸಲ ಮರುಕಳಿಸುತ್ತದೆ. ಎರರ್ ಕೂಡ ಬರುವುದಿಲ್ಲ. ಅವನದೇನೂ ತಪ್ಪಿಲ್ಲ. ನಾನು ಕೊಟ್ಟ ಕೈಪಿಡಿಯಲ್ಲಿ ಸ್ಟ್ರಿಂಗನ್ನು ಅಂಕಿ ಮಾಡುವ ಫಂಕ್ಷನ್ (ಒಂದು ಕೆಲಸ ಮಾಡಿಕೊಡುವ ಕೋಡಿನ ತುಂಡು) ಎದುರಿಗೆ "ಮೌಲ್ಯವನ್ನು ಬದಲಿಸುತ್ತದೆ" ಅಂತ ಒಂದೇ ಸಾಲು ಇತ್ತು. ಯಾವುದನ್ನು, ಯಾವುದಕ್ಕೆ, ಯಾವಾಗ? ಬರೆದೇ ಇರಲಿಲ್ಲ.

ಮೈಸೂರು, ಮಂಡ್ಯದ ಮಧ್ಯೆ ನಾವು ಐದಾರು ಜನ ಡೈರಿ ಬಿಲ್ಲು, ಮದುವೆ ಕಾರ್ಡು, ಕಾಲೇಜಿನ ಸ್ಮರಣ ಸಂಚಿಕೆಗಳನ್ನು ಟೈಪ್‌ಸ್ಟ್‌ನಲ್ಲೇ ಮಾಡುತ್ತೇವೆ. ಒಬ್ಬರು ಬರೆದ ಫಂಕ್ಷನ್ನನ್ನು ಇನ್ನೊಬ್ಬರು ಬಳಸುವಾಗ ಎಡವುವುದು ಎರಡೇ ಕಡೆ: ಒಂದು ಮೌಲ್ಯ ಬದಲಾವಣೆ, ಇನ್ನೊಂದು ಬಣ್ಣ. ಹಾಗಾಗಿ ಈ ಎರಡಕ್ಕೆ ಕೈಪಿಡಿ ಬರೆಯುವ ಕ್ರಮ ಇಲ್ಲಿದೆ. ಆಷಾಢದಲ್ಲಿ ಮದುವೆ ಕಾರ್ಡಿನ ಕೆಲಸ ಇರುವುದಿಲ್ಲ, ಬರೆಯಲು ಅದೇ ಒಳ್ಳೆ ಸಮಯ. ದಸರಾ ಹತ್ತಿರ ಬಂದ ಮೇಲೆ ಆಗದ ಮಾತು.

## ಮೊದಲು ಹತ್ತಿರ ಇಟ್ಟುಕೊಳ್ಳಬೇಕಾದ್ದು

ಟೈಪ್‌ಸ್ಟ್ ಕಂಪೈಲರ್ (ಕೋಡನ್ನು ಪುಟ ಮಾಡಿಕೊಡುವ ಪ್ರೋಗ್ರಾಂ) ನಿಮ್ಮ ಕಂಪ್ಯೂಟರಿನಲ್ಲೇ ಇರಲಿ. ಅದರ ಆವೃತ್ತಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೋಡ್ ಬರೆಯಲು ವಿಎಸ್ ಕೋಡ್ ಎಡಿಟರ್ ಬಳಸುವವರು ಟೈನಿಮಿಸ್ಟ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಅದರ ಉಪಯೋಗ ಕೊನೆಯ ಹಂತದಲ್ಲಿ ಬರುತ್ತದೆ. ಒಂದು ಖಾಲಿ ಪ್ರಯೋಗದ ಫೈಲು ಬೇಕು. ಅಚ್ಚಿಗೆ ಹೋಗುವ ಕೆಲಸವಾದರೆ ಪ್ರೆಸ್ಸಿನವರಿಂದ ಶೇಡ್ ಕಾರ್ಡ್ (ಅಚ್ಚಾದ ಬಣ್ಣಗಳ ಮಾದರಿ ಪಟ್ಟಿ) ಈಸಿಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾಗಿ ನಿಜವಾದ ದತ್ತಾಂಶ ಬೇಕು. ನೀವೇ ಕೂತು ಚೆಂದಗೆ ಟೈಪ್ ಮಾಡಿದ 1, 2, 3 ಅಲ್ಲ. ಡೈರಿಯ ಕಾರ್ಯದರ್ಶಿ ರಾತ್ರಿ ಒಂಬತ್ತಕ್ಕೆ ಅವಸರದಲ್ಲಿ ತುಂಬಿದ ಫೈಲು. ಕೈಪಿಡಿಯಲ್ಲಿ ಬರಬೇಕಾದ ತೊಂದರೆಗಳೆಲ್ಲ ಅದರಲ್ಲೇ ಕೂತಿರುತ್ತವೆ.

ಇನ್ನೊಂದು ಮಾತು. ಇಲ್ಲಿ ಟೈಪ್‌ಸ್ಟ್‌ನ ಸ್ವಂತ ಫಂಕ್ಷನ್‌ಗಳ ಹೆಸರನ್ನು ಓದಲಿಕ್ಕೆ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕೋಡಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನೀವೇ ಮಾಡಿದ ಫಂಕ್ಷನ್‌ಗೆ ಮಾತ್ರ ಧಾರಾಳವಾಗಿ ಕನ್ನಡದ ಹೆಸರಿಡಬಹುದು.

## ಹಂತ 1: ಗುಂಪು ಮಾಡಿ, ಅಕ್ಷರ ಕ್ರಮ ಬೇಡ

ಹೆಚ್ಚಿನವರು ಫಂಕ್ಷನ್‌ಗಳನ್ನು ಅಕಾರಾದಿಯಾಗಿ ಜೋಡಿಸಿ ಶುರು ಮಾಡುತ್ತಾರೆ. ನೋಡಲು ಅಚ್ಚುಕಟ್ಟು, ಓದುವವರಿಗೆ ಪ್ರಯೋಜನವಿಲ್ಲ. ಬಳಸುವವರ ಕೆಲಸ ನಡೆಯುವ ಕ್ರಮದಲ್ಲಿ ಇಡಿ: ಮೊದಲು ಮೌಲ್ಯದ ಜಾತಿ (ಅಂಕಿಯೋ, ಸ್ಟ್ರಿಂಗೋ, ಬಣ್ಣವೋ) ತಿಳಿಯುವುದು, ಆಮೇಲೆ ಅದನ್ನು ಬದಲಿಸುವುದು, ಆಮೇಲೆ ಬಣ್ಣ ಹುಟ್ಟಿಸುವುದು, ಬಣ್ಣ ತಿದ್ದುವುದು, ಕೊನೆಗೆ ಬಣ್ಣದಿಂದ ಅಂಕಿ ವಾಪಸ್ ಪಡೆಯುವುದು.

ಜಾತಿ ತಿಳಿಯಲು ‘ಟೈಪ್’ ಫಂಕ್ಷನ್ ಇದೆ. ಅದನ್ನು ಮೊದಲ ಪುಟದಲ್ಲೇ ಹೇಳಿ. ಅದು ಕೊಡುವುದು ಜಾತಿಯನ್ನೇ ಹೊರತು ಜಾತಿಯ ಹೆಸರಿರುವ ಸ್ಟ್ರಿಂಗನ್ನಲ್ಲ, ಇದನ್ನೂ ಸೇರಿಸಿ. ಹಳೆಯ ಕೋಡ್ ನೋಡಿ ಕಲಿತವರು ಉದ್ಧರಣ ಚಿಹ್ನೆಯೊಳಗಿನ ಹೆಸರಿಗೆ ಹೋಲಿಸಿ ಸಿಕ್ಕಿಹಾಕಿಕೊಳ್ಳುತ್ತಾರೆ.

## ಹಂತ 2: ಬರೆಯುವ ಮುಂಚೆ ಓಡಿಸಿ ನೋಡಿ

ಇದೇ ಜಾಸ್ತಿ ಹೊತ್ತು ತೆಗೆದುಕೊಳ್ಳುವ ಹಂತ, ಎಲ್ಲರೂ ಹಾರಿಸುವುದೂ ಇದನ್ನೇ. ಪ್ರಯೋಗದ ಫೈಲಿನಲ್ಲಿ ಮೂರು ಕಾಲಮ್ಮಿನ ಟೇಬಲ್ ಮಾಡಿ: ಕೊಟ್ಟದ್ದು, ಬಂದದ್ದು, ಬೈಸಿಕೊಂಡದ್ದು (ಬಂದ ಎರರ್). ಮೂರನೆಯ ಕಾಲಮ್ ಖಾಲಿ ಉಳಿದರೆ ನೀವಿನ್ನೂ ಸರಿಯಾಗಿ ಪರೀಕ್ಷೆ ಮಾಡಿಲ್ಲ ಅಂತ ಅರ್ಥ.

ಮೌಲ್ಯವನ್ನು ಇಂಟಿಜರ್ ಮಾಡುವ ‘ಇಂಟ್’ ತೆಗೆದುಕೊಳ್ಳಿ. 2.7 ಕೊಟ್ಟರೆ 2 ಬರುತ್ತದೆ. -2.7 ಕೊಟ್ಟರೆ -2, -3 ಅಲ್ಲ. ಅಂದರೆ ಅದು ಹತ್ತಿರದ ಅಂಕಿಗೆ ಹೋಗುವುದಿಲ್ಲ, ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ಕೈಪಿಡಿಯಲ್ಲಿ "ಪೂರ್ಣಾಂಕ ಮಾಡುತ್ತದೆ" ಅಂತ ಬರೆದರೆ ಓದುವವರು ರೌಂಡ್ ಆಗುತ್ತದೆ ಅಂದುಕೊಳ್ಳುತ್ತಾರೆ. "ದಶಾಂಶ ಭಾಗ ಕತ್ತರಿಸಿ ಬಿಸಾಡುತ್ತದೆ" ಅಂತ ಬರೆಯಿರಿ. ನಿಜ, ಸುಳ್ಳು ಇವುಗಳಿಗೆ 1, 0 ಬರುತ್ತದೆ ಅನ್ನುವುದನ್ನೂ ಹೇಳಿ: ಟ್ರೂಗೆ 1, ಫಾಲ್ಸ್‌ಗೆ 0. "2.7" ಅನ್ನುವ ಸ್ಟ್ರಿಂಗ್ ಕೊಟ್ಟರೆ ಕತ್ತರಿಸುವುದಿಲ್ಲ, ಎರರ್ ಕೊಡುತ್ತದೆ. ಅಂಕಿ 2.7 ಮತ್ತು ಸ್ಟ್ರಿಂಗ್ "2.7" ಎರಡಕ್ಕೂ ಬೇರೆ ಬೇರೆ ಸಾಲು ಬೇಕೇ ಬೇಕು.

‘ಫ್ಲೋಟ್’ ದಶಾಂಶ ಇರಬಹುದಾದ ಅಂಕಿ ಕೊಡುತ್ತದೆ. ಅದಕ್ಕೆ 40% ಕೊಟ್ಟರೆ 0.4. ಆದರೆ "40%" ಅಂತ ಸ್ಟ್ರಿಂಗ್ ಕೊಟ್ಟರೆ ಎರರ್.

ಈಗ ನಮ್ಮೂರಿನ ತೊಂದರೆಗಳು. "೪.೨" ಅಂತ ಕನ್ನಡ ಅಂಕಿಯಲ್ಲಿ ಕೊಟ್ಟರೆ ಇಂಟೂ ಒಪ್ಪುವುದಿಲ್ಲ, ಫ್ಲೋಟೂ ಒಪ್ಪುವುದಿಲ್ಲ. ಅಂಕಿಯ ಹಿಂದೆ ಮುಂದೆ ಒಂದು ಸ್ಪೇಸ್ ಉಳಿದಿದ್ದರೂ ಒಪ್ಪುವುದಿಲ್ಲ. "1,250" ರಲ್ಲಿರುವ ಕಾಮಾ ಕೂಡ ಆಗದು. ಖಾಲಿ ಖಾನೆಯೂ ಅಷ್ಟೇ. ಸಿಎಸ್‌ವಿ ಫೈಲಿನ ಮೊದಲ ಸಾಲಿನಲ್ಲಿ "ಲೀಟರ್", "ಫ್ಯಾಟ್" ಅಂತ ತಲೆಬರಹ ಇರುತ್ತಲ್ಲ, ಸಾಮಾನ್ಯವಾಗಿ ಓದಿದರೆ ಅದೂ ದತ್ತಾಂಶದ ಸಾಲಾಗಿಯೇ ಬರುತ್ತದೆ. ಅದನ್ನು ಬಿಡದೆ ಫ್ಲೋಟ್‌ಗೆ ಹಾಕಿದರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತದೆ.

ಎರರ್ ಬರುವುದು ಒಳ್ಳೆಯದೇ, ಕಣ್ಣಿಗೆ ಕಾಣುತ್ತದೆ. ಸುಮ್ನೆ ತಪ್ಪು ಉತ್ತರ ಕೊಡುವವನ್ನು ಕೆಂಪು ಚೌಕದೊಳಗೆ ಹಾಕಿ. "12" ಮತ್ತು "5" ಕೂಡಿದರೆ "125". "12" ಅನ್ನು 35 ರಿಂದ ಗುಣಿಸಿದರೆ ಏನಾಗುತ್ತದೆ ಅಂತ ಮೇಲೆ ನೋಡಿದಿರಿ. "10" ಮತ್ತು "9" ಅನ್ನು ಸ್ಟ್ರಿಂಗ್ ಆಗಿಯೇ ವಿಂಗಡಿಸಿದರೆ 10 ಮೊದಲು ಬರುತ್ತದೆ, ಯಾಕೆಂದರೆ ಹೋಲಿಕೆ ನಡೆಯುವುದು ಮೊದಲ ಅಕ್ಷರದಿಂದ.

ಹಿಮ್ಮುಖ ದಾರಿಯನ್ನೂ ಓಡಿಸಿ. ‘ಎಸ್‌ಟಿಆರ್’ ಅಂಕಿಯನ್ನು ಸ್ಟ್ರಿಂಗ್ ಮಾಡುತ್ತದೆ. ಇಂಟಿಜರ್ ಆದರೆ ಬೇಸ್ (ಎಷ್ಟರ ಲೆಕ್ಕದಲ್ಲಿ ಬರೆಯಬೇಕು ಅನ್ನುವುದು) ಕೂಡ ಕೊಡಬಹುದು, 2 ರಿಂದ 36 ರವರೆಗೆ. 10 ಅನ್ನು ಬೇಸ್ 2 ರಲ್ಲಿ ಕೇಳಿದರೆ "1010". ಋಣ ಸಂಖ್ಯೆಗೆ ಅದು ಹಾಕುವುದು ಕೀಬೋರ್ಡಿನ ಹೈಫನ್ ಅಲ್ಲ, ಯೂನಿಕೋಡಿನ ಮೈನಸ್ ಚಿಹ್ನೆ. ನೋಡಲು ಎರಡೂ ಒಂದೇ ತರ. ಆದರೆ ಆ ಸ್ಟ್ರಿಂಗಿನಲ್ಲಿ ಹೈಫನ್ ಹುಡುಕಿದರೆ ಸಿಗುವುದಿಲ್ಲ. ನಾನು ಇದರ ಹಿಂದೆ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಸ್ಟ್ರಿಂಗಿನ ಉದ್ದ ಕೇಳುವ ‘ಲೆನ್’ ಇದ್ದರೆ ಅದಕ್ಕೂ ಒಂದು ಸಾಲು. ಅದು ಎಣಿಸುವುದು ಬೈಟ್‌ಗಳನ್ನು. "ಮೈಸೂರು" ಅಂದರೆ ನಮಗೆ ಮೂರಕ್ಷರ, ಅದಕ್ಕೆ 18. ಮೂರು ಬೇಕಾದರೆ ‘ಕ್ಲಸ್ಟರ್ಸ್’ ಬಳಸಿ ಅದರ ಉದ್ದ ಕೇಳಬೇಕು.

## ಹಂತ 3: ಪ್ರತಿ ಫಂಕ್ಷನ್‌ಗೂ ಒಂದೇ ಅಚ್ಚು

ಟೇಬಲ್ ತುಂಬಿದ ಮೇಲೆ ಬರವಣಿಗೆ. ನಮ್ಮ ‘ಅಂಕಿ’ ಅನ್ನುವ ಫಂಕ್ಷನ್ನಿನ ನಮೂದು ಈಗ ಹೀಗಿದೆ:

ಅಂಕಿ
ತೆಗೆದುಕೊಳ್ಳುವುದು: ಒಂದು ಸ್ಟ್ರಿಂಗ್.
ಕೊಡುವುದು: ಯಾವಾಗಲೂ ಫ್ಲೋಟ್.
ಮಾಡುವುದು: ಎರಡೂ ತುದಿಯ ಸ್ಪೇಸ್ ತೆಗೆಯುತ್ತದೆ, ಕಾಮಾ ತೆಗೆಯುತ್ತದೆ, ಕನ್ನಡ ಅಂಕಿಯನ್ನು ಇಂಗ್ಲಿಷ್ ಅಂಕಿ ಮಾಡುತ್ತದೆ, ಆಮೇಲೆ ಫ್ಲೋಟ್‌ಗೆ ಕೊಡುತ್ತದೆ.
ಉದಾಹರಣೆ: " ೪.೨" ಕೊಟ್ಟರೆ 4.2. "1,250" ಕೊಟ್ಟರೆ 1250.
ಒಪ್ಪದೆ ನಿಲ್ಲುವುದು: ಖಾಲಿ ಸ್ಟ್ರಿಂಗ್, "ರಜೆ", "40%".
ಎಚ್ಚರ: "4,2" ಕೊಟ್ಟರೆ 42 ಬರುತ್ತದೆ. ಚುಕ್ಕಿಯ ಬದಲು ಕಾಮಾ ಬಿದ್ದಿದೆಯಾ ನೋಡಿ.

ಕೊನೆಯ ಸಾಲು ನೋಡಿ. ಕಾಮಾ ತೆಗೆಯುವುದು ಅನುಕೂಲ ಅಂತ ನಾವೇ ಹಾಕಿದ್ದು. ಅದರಿಂದಲೇ ಒಂದು ಎಮ್ಮೆಯ ಹಾಲಿಗೆ ಫ್ಯಾಟ್ 42 ಅಂತ ಬಂತು! ಅನುಕೂಲ ಮಾಡಿಕೊಡುವ ಪ್ರತಿಯೊಂದು ಹೆಜ್ಜೆಯೂ ಎಲ್ಲೋ ಒಂದು ತಪ್ಪನ್ನು ಮುಚ್ಚಿಡುತ್ತದೆ. ಆ ಜಾಗವನ್ನು ಹುಡುಕಿ ಬರೆಯಿರಿ.

ಖಾಲಿ ಖಾನೆಗೆ ಸೊನ್ನೆ ಕೊಡಬಾರದೇ ಅಂತ ಕೇಳುವವರು ಇದ್ದೇ ಇರುತ್ತಾರೆ. ನಮ್ಮ ತೀರ್ಮಾನ ಬೇಡ ಅಂತ. ಯಂತ್ರ ಕೆಟ್ಟು ಫ್ಯಾಟ್ ತುಂಬದೇ ಹೋದ ದಿನ ಸೊನ್ನೆ ಹಾಕಿದರೆ ಹಾಲು ಹಾಕಿದ ಅಮ್ಮನ ದುಡ್ಡು ಹೋಗುತ್ತದೆ. ನೀವು ಬೇರೆ ತೀರ್ಮಾನ ಮಾಡಿದರೂ ಪರವಾಗಿಲ್ಲ, ಯಾಕೆ ಅಂತ ಒಂದು ಸಾಲು ನಮೂದಿನಲ್ಲೇ ಇರಲಿ.

ಸಾಮಾನ್ಯ ತಪ್ಪು: "ಕೊಡುವುದು" ಸಾಲನ್ನು ಬಿಟ್ಟುಬಿಡುವುದು. ಬರೆದವರಿಗೆ ಅದು ಗೊತ್ತೇ ಇರುತ್ತದೆ, ಹಾಗಾಗಿ ಬಿಟ್ಟದ್ದು ಕಾಣುವುದೇ ಇಲ್ಲ.

## ಹಂತ 4: ಅಳತೆ, ಶೇಕಡಾ, ಕೋನ

12 ಪಾಯಿಂಟ್ ಅನ್ನುವುದು ಟೈಪ್‌ಸ್ಟ್‌ಗೆ ಅಂಕಿಯಲ್ಲ, ಉದ್ದ. ಎಸ್‌ಟಿಆರ್‌ಗೆ ಕೊಟ್ಟರೆ ತಗಾದೆ ತೆಗೆಯುತ್ತದೆ. ಅಂಕಿ ಬೇಕಾದರೆ 1 ಪಾಯಿಂಟಿನಿಂದ ಭಾಗಿಸಿ, ಇಲ್ಲವೇ ಉದ್ದದ ಮೇಲೆ ಪಿಟಿ, ಎಂಎಂ, ಸಿಎಂ, ಇಂಚಸ್ ಮೆಥಡ್ ಕರೆಯಿರಿ. ಕಾರ್ಡಿನ ಅಳತೆಯನ್ನು ಪ್ರೆಸ್ಸಿನವರು ಇಂಚಿನಲ್ಲೇ ಹೇಳುವುದರಿಂದ 1 ಇಂಚಿಗೆ 72 ಪಾಯಿಂಟ್, 25.4 ಮಿಲಿಮೀಟರ್ ಅನ್ನುವುದನ್ನು ಪಕ್ಕದಲ್ಲೇ ಕೊಡಿ.

ಅಕ್ಷರದ ಗಾತ್ರಕ್ಕೆ ತಕ್ಕಂತೆ ಬದಲಾಗುವ ಇಎಂ ಅಳತೆ ಮಾತ್ರ ಬೇರೆ. ಅಕ್ಷರದ ಗಾತ್ರ ಗೊತ್ತಾಗದೆ ಅದನ್ನು ಪಾಯಿಂಟ್ ಮಾಡಲು ಬರುವುದಿಲ್ಲ. ಮೊದಲು ಕಾಂಟೆಕ್ಸ್ಟ್ (ಆ ಜಾಗದ ಅಕ್ಷರದ ಗಾತ್ರ ಗೊತ್ತಿರುವ ಕೋಡಿನ ಭಾಗ) ಒಳಗೆ ‘ಟು-ಆಬ್ಸಲ್ಯೂಟ್’ ಮಾಡಬೇಕು.

ಅಂಕಿಯಿಂದ ಶೇಕಡಾಗೆ ಹೋಗುವಾಗ ಯಾವುದರಿಂದ ಗುಣಿಸುತ್ತೀರಿ ಅಂತ ನೋಡಿಕೊಳ್ಳಿ. ಕೈಯಲ್ಲಿರುವುದು 0.4 ಆದರೆ 100% ನಿಂದ. ಕೈಯಲ್ಲಿರುವುದು 40 ಆದರೆ 1% ನಿಂದ. 40 ಅನ್ನು 100% ನಿಂದ ಗುಣಿಸಿದರೆ 4000% ಬಂದು, ಅದು ಬಣ್ಣದ ಫಂಕ್ಷನ್‌ಗೆ ಹೋದಾಗ ಅಲ್ಲಿ ಎರರ್ ಬರುತ್ತದೆ. ತಪ್ಪು ಒಂದು ಕಡೆ, ಬೈಗುಳ ಇನ್ನೊಂದು ಕಡೆ. ಕೋನಕ್ಕೂ ಇದೇ ಲೆಕ್ಕ, 1 ಡಿಗ್ರಿಯಿಂದ ಗುಣಿಸಿದರೆ ಮುಗಿಯಿತು.

## ಹಂತ 5: ಬಣ್ಣ ಹುಟ್ಟಿಸುವ ಫಂಕ್ಷನ್‌ಗಳು

ಇಲ್ಲಿ ವಿವರಣೆಗಿಂತ ಮೊದಲು ಒಳಗೆ ಏನು ಹಾಕಬಹುದು ಅಂತ ಬರೆಯಿರಿ. ಎಲ್ಲರೂ ಎಡವುವುದು ಅಲ್ಲೇ.

‘ಆರ್‌ಜಿಬಿ’ (ಕೆಂಪು, ಹಸಿರು, ನೀಲಿ) 0 ರಿಂದ 255 ರವರೆಗಿನ ಇಂಟಿಜರ್ ಅಥವಾ ಶೇಕಡಾ ಒಪ್ಪುತ್ತದೆ. 0.5 ಅನ್ನುವ ಫ್ಲೋಟ್ ಒಪ್ಪುವುದಿಲ್ಲ. ಹೆಕ್ಸ್ ಸ್ಟ್ರಿಂಗ್ (ಬೇಸ್ 16 ರಲ್ಲಿ ಬರೆದ ಬಣ್ಣದ ಸಂಖ್ಯೆ) ಕೊಡಬಹುದು, 3, 4, 6 ಅಥವಾ 8 ಅಂಕಿಯದು, ಮುಂದೆ ಹ್ಯಾಶ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ‘ಲೂಮಾ’ ಬೂದು ಬಣ್ಣಕ್ಕೆ, 0 ಅಂದರೆ ಕಪ್ಪು, 255 ಅಂದರೆ ಬಿಳಿ. ‘ಸಿಎಮ್‌ವೈಕೆ’ ಅಚ್ಚಿನ ನಾಲ್ಕು ಇಂಕಿನ ಲೆಕ್ಕ (ಸಯಾನ್, ಮಜೆಂಟಾ, ಹಳದಿ, ಕಪ್ಪು), ಅದಕ್ಕೆ ನಾಲ್ಕೂ ಶೇಕಡಾ ಆಗಿಯೇ ಇರಬೇಕು. ಪ್ರೆಸ್ಸಿನವರು "ಹಳದಿ ನೂರು, ಮಜೆಂಟಾ ಇಪ್ಪತ್ತು" ಅಂತ ಬಾಯಲ್ಲಿ ಹೇಳಿದ್ದನ್ನು ಹಾಗೇ 0, 20, 100, 0 ಅಂತ ಬರೆದರೆ ಎರರ್. ಪ್ರತಿಯೊಂದಕ್ಕೂ % ಬೇಕು. ಇದಕ್ಕೆ ಪಾರದರ್ಶಕತೆಯ ಜಾಗವೂ ಇಲ್ಲ. ‘ಓಕೆಎಲ್‌ಸಿಎಚ್’ ನಲ್ಲಿ ಮೂರನೆಯದು ಕೋನ (ಬಣ್ಣದ ಚಕ್ರದಲ್ಲಿ ರಂಗಿನ ಜಾಗ). ‘ಎಚ್‌ಎಸ್‌ಎಲ್’ ನಲ್ಲಿ ಕೋನವೇ ಮೊದಲು. ಎರಡನ್ನೂ ಒಂದರ ಕೆಳಗೆ ಒಂದು ಬರೆದು ತೋರಿಸಿ.

ಹೆಸರಿಟ್ಟ ಬಣ್ಣಗಳ ಬಗ್ಗೆ ಒಂದು ಟಿಪ್ಪಣಿ. ಟೈಪ್‌ಸ್ಟ್‌ನ ‘ರೆಡ್’ ಅಪ್ಪಟ ಕೆಂಪಲ್ಲ, ಅದು 255, 65, 54. ಕುಂಕುಮದ ಕೆಂಪು ಬೇಕಿದ್ದವರಿಗೆ ಟೊಮೆಟೊ ಸಿಕ್ಕಂತಾಗುತ್ತದೆ.

ಅಚ್ಚಿನ ಕೆಲಸಕ್ಕೆ ಬೇರೆಯದೇ ಎಚ್ಚರ ಬೇಕು. ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಮಾಡಿಸಿದ ಕಾರ್ಡಿನಲ್ಲಿ ನಮ್ಮ ಅರಿಶಿನ ಬಣ್ಣ ಸಪ್ಪೆಯಾಗಿ ಬಂತು, ಹುಡುಗಿಯ ತಂದೆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ಸುಮ್ಮನಾದರು. ಆ ಮೌನ ನನಗೆ ಇನ್ನೂ ನೆನಪಿದೆ. ಪರದೆಯಲ್ಲಿ ಬೆಳಕಿನಿಂದ ಹೊಳೆಯುವ ಎಷ್ಟೋ ಬಣ್ಣಗಳನ್ನು ನಾಲ್ಕು ಇಂಕು ಸೇರಿಸಿ ಕಾಗದದ ಮೇಲೆ ತರಲಾಗುವುದಿಲ್ಲ. ಕೈಪಿಡಿಯಲ್ಲಿ ಅರಿಶಿನಕ್ಕೆ ಎರಡು ನಮೂದು ಇರಲಿ: ಪರದೆಗೆ ಆರ್‌ಜಿಬಿಯಲ್ಲಿ, ಅಚ್ಚಿಗೆ ಶೇಡ್ ಕಾರ್ಡ್ ನೋಡಿ ಬರೆದ ಸಿಎಮ್‌ವೈಕೆಯಲ್ಲಿ. ಕಪ್ಪು ಅಕ್ಷರಕ್ಕೆ ಆರ್‌ಜಿಬಿ 0, 0, 0 ಕೊಡಬೇಡಿ ಅಂತಲೂ ಬರೆಯಿರಿ. ಪ್ರೆಸ್ಸಿನಲ್ಲಿ ಅದು ನಾಲ್ಕೂ ಇಂಕಿನ ಕಪ್ಪಾಗಿ ಬದಲಾದರೆ, ಸಣ್ಣ ಅಕ್ಷರದ ಅಂಚು ಮಸುಕಾಗುತ್ತದೆ.

ಆರ್‌ಜಿಬಿಯನ್ನು ಸಿಎಮ್‌ವೈಕೆ ಫಂಕ್ಷನ್‌ಗೆ ಕೊಟ್ಟು ಬದಲಿಸಬಹುದು, ವಾಪಸ್ಸೂ ತರಬಹುದು. ಆದರೆ ಹೋಗಿ ಬಂದ ಬಣ್ಣ ಮೊದಲಿನದೇ ಆಗಿರುತ್ತದೆ ಅಂತ ಎಲ್ಲಿಯೂ ಬರೆಯಬೇಡಿ.

## ಹಂತ 6: ಬಣ್ಣ ತಿದ್ದುವ ಫಂಕ್ಷನ್‌ಗಳು

‘ಲೈಟನ್’ (ತಿಳಿ ಮಾಡುವುದು), ‘ಡಾರ್ಕನ್’ (ಗಾಢ ಮಾಡುವುದು), ‘ಸ್ಯಾಚುರೇಟ್’ (ರಂಗು ಹೆಚ್ಚಿಸುವುದು), ‘ರೊಟೇಟ್’ (ರಂಗಿನ ಕೋನ ತಿರುಗಿಸುವುದು), ‘ನಿಗೇಟ್’ (ವಿರುದ್ಧ ಬಣ್ಣ ಕೊಡುವುದು), ‘ಮಿಕ್ಸ್’ (ಬೆರೆಸುವುದು). ಎಲ್ಲದರ ಮೇಲೂ ಒಂದೇ ಸಾಲು ದಪ್ಪಕ್ಷರದಲ್ಲಿ ಹಾಕಿ: ಇವು ಹಳೆಯ ಬಣ್ಣವನ್ನು ಮುಟ್ಟುವುದಿಲ್ಲ, ಹೊಸ ಬಣ್ಣ ಕೊಡುತ್ತವೆ. ಲೈಟನ್ ಕರೆದು ಅದನ್ನು ಎಲ್ಲೂ ಹಿಡಿದಿಟ್ಟುಕೊಳ್ಳದೆ "ಬಣ್ಣ ಬದಲಾಗಲೇ ಇಲ್ಲ" ಅನ್ನುವವರು ಜಾಸ್ತಿ.

20% ಲೈಟನ್ ಎರಡು ಸಲ ಮಾಡಿದರೆ 40% ಆಗುವುದಿಲ್ಲ. ಲೂಮಾ 0 ರಿಂದ ಶುರು ಮಾಡಿ. ಮೊದಲ ಸಲ 20% ಬರುತ್ತದೆ. ಎರಡನೆಯ ಸಲ ಬಿಳಿಗೆ ಉಳಿದ 80 ರಲ್ಲಿ 20% ಸೇರಿ 36% ಆಗುತ್ತದೆ. ಇದನ್ನು ಮೂರು ಚೌಕ ಬಿಡಿಸಿ ತೋರಿಸಿ, ಮಾತು ಬೇಕಾಗುವುದಿಲ್ಲ.

ಮಿಕ್ಸ್‌ನಲ್ಲಿ ಬಣ್ಣಗಳು ಬೆರೆಯುವುದು ಯಾವ ಕಲರ್ ಸ್ಪೇಸ್‌ನಲ್ಲಿ (ಬಣ್ಣವನ್ನು ಅಂಕಿಯಲ್ಲಿ ಹೇಳುವ ಪದ್ಧತಿ) ಅನ್ನುವುದು ಮುಖ್ಯ. ಹೇಳದಿದ್ದರೆ ಓಕೆಲ್ಯಾಬ್. ಅವೇ ಎರಡು ಬಣ್ಣಗಳನ್ನು ಆರ್‌ಜಿಬಿಯಲ್ಲಿ ಬೆರೆಸಿದರೆ ಬೇರೆ ಬಣ್ಣ ಬರುತ್ತದೆ. ಎರಡೂ ಚೌಕ ಪಕ್ಕ ಪಕ್ಕ ಇಡಿ. ಲೂಮಾ ಬಣ್ಣದ ಮೇಲೆ ಸ್ಯಾಚುರೇಟ್ ನಡೆಯುವುದಿಲ್ಲ, ಬೂದಿಗೆ ರಂಗೇ ಇಲ್ಲವಲ್ಲ. ಮೊದಲು ಆರ್‌ಜಿಬಿ ಮಾಡಿಕೊಳ್ಳಬೇಕು.

## ಹಂತ 7: ಬಣ್ಣದಿಂದ ಅಂಕಿಗೆ

‘ಟು-ಹೆಕ್ಸ್’ ಯಾವ ಬಣ್ಣ ಕೊಟ್ಟರೂ ಆರ್‌ಜಿಬಿಯ ಹೆಕ್ಸ್ ಸ್ಟ್ರಿಂಗ್ ಕೊಡುತ್ತದೆ. ಸಿಎಮ್‌ವೈಕೆ ಬಣ್ಣವನ್ನು ಹೀಗೆ ಉಳಿಸಿಟ್ಟರೆ ಇಂಕಿನ ಲೆಕ್ಕ ಕಳೆದುಹೋಗುತ್ತದೆ.

‘ಕಾಂಪೊನೆಂಟ್ಸ್’ ಕೊಡುವ ಪಟ್ಟಿಯ ಉದ್ದ ಬಣ್ಣದ ಜಾತಿಯ ಮೇಲೆ ನಿಂತಿದೆ. ಆರ್‌ಜಿಬಿಗೂ ನಾಲ್ಕು, ಸಿಎಮ್‌ವೈಕೆಗೂ ನಾಲ್ಕು. ಆದರೆ ಒಂದರಲ್ಲಿ ನಾಲ್ಕನೆಯದು ಪಾರದರ್ಶಕತೆ, ಇನ್ನೊಂದರಲ್ಲಿ ಕಪ್ಪು ಇಂಕು. ಬರುವುದು ಶೇಕಡಾ, 0 ರಿಂದ 255 ಅಲ್ಲ. 50% ಅನ್ನು 255 ರ ಲೆಕ್ಕಕ್ಕೆ ತಂದರೆ 127.5. ನೇರವಾಗಿ ಇಂಟ್ ಮಾಡಿದರೆ 127, ಮೊದಲು ರೌಂಡ್ ಮಾಡಿದರೆ 128. ರೌಂಡ್ ಫ್ಲೋಟನ್ನೇ ಕೊಡುವುದರಿಂದ ಅದರ ಮೇಲೆ ಮತ್ತೆ ಇಂಟ್ ಬೇಕು, ಇಲ್ಲದಿದ್ದರೆ ಆರ್‌ಜಿಬಿ ಒಪ್ಪುವುದಿಲ್ಲ. ಈ ಮೂರು ಹೆಜ್ಜೆಯನ್ನು ಇದೇ ಕ್ರಮದಲ್ಲಿ ಬರೆಯಿರಿ.

## ಹಂತ 8: ಉದಾಹರಣೆಗೆ ಕಾವಲು, ಬರಹಕ್ಕೆ ಜಾಗ

ಕೈಪಿಡಿಯ ಪ್ರತಿ ಉದಾಹರಣೆಯನ್ನೂ ಒಂದು ಪರೀಕ್ಷೆ ಫೈಲಿನಲ್ಲಿ ‘ಅಸರ್ಟ್’ (ಹೇಳಿದ ಉತ್ತರ ಬರದಿದ್ದರೆ ಎರರ್ ಕೊಟ್ಟು ನಿಲ್ಲಿಸುವ ಫಂಕ್ಷನ್) ಆಗಿ ಹಾಕಿ. ಹೊಸ ಆವೃತ್ತಿ ಬಂದಾಗ ಅದನ್ನು ಒಮ್ಮೆ ಕಂಪೈಲ್ ಮಾಡಿದರೆ ಸುಳ್ಳಾದ ಸಾಲು ತಾನಾಗಿಯೇ ಸಿಕ್ಕಿಬೀಳುತ್ತದೆ. ಫ್ಲೋಟ್ ಹೋಲಿಸುವಾಗ ರೌಂಡ್ ಮಾಡಿ ಹೋಲಿಸಿ. 0.1 ಮತ್ತು 0.2 ಕೂಡಿದರೆ ಸರಿಯಾಗಿ 0.3 ಬರುವುದಿಲ್ಲ.

ನಮೂದಿನ ಸಾರಾಂಶವನ್ನು ಫಂಕ್ಷನ್ನಿನ ಮೇಲೆ ಮೂರು ಸ್ಲ್ಯಾಶ್ ಹಾಕಿ ಕಾಮೆಂಟ್ ಆಗಿಯೂ ಬರೆಯಿರಿ. ಟೈನಿಮಿಸ್ಟ್ ಇದ್ದರೆ ಹೆಸರಿನ ಮೇಲೆ ಮೌಸ್ ಇಟ್ಟ ಕೂಡಲೇ ಅದು ಕಾಣುತ್ತದೆ. ಕೈಪಿಡಿ ತೆರೆಯದವರೂ ಇದನ್ನು ಓದುತ್ತಾರೆ, ಬೇರೆ ದಾರಿಯೇ ಇಲ್ಲವಲ್ಲ.

ಕನ್ನಡ ಹೆಸರಿಟ್ಟಿದ್ದರೆ ಒಂದು ಗುಪ್ತ ತೊಂದರೆ ಇದೆ. ‘ಫ್ಯಾಟ್’ ಮುಂದೆ ‘ಬಣ್ಣ’ ಸೇರಿಸುವಾಗ ಒತ್ತಕ್ಷರ ಆಗದಿರಲಿ ಅಂತ ನಾವು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಹೆಸರಿನ ಮಧ್ಯೆ ಅದು ಬಂದರೆ ಟೈಪ್‌ಸ್ಟ್ ಅಲ್ಲಿಗೇ ಹೆಸರು ಮುಗಿಯಿತು ಅಂದುಕೊಳ್ಳುತ್ತದೆ. ಫ್ಯಾಟ್_ಬಣ್ಣ ಅಂತ ಅಡಿಗೆರೆ ಹಾಕಿ.

## ಕೆಟ್ಟ ಸೂಚನೆಗಳು

ಒಂದೇ ಪ್ರಶ್ನೆಯನ್ನು ಇಬ್ಬರು ಕೇಳಿದರೆ ಆ ನಮೂದಿನಲ್ಲಿ ಏನೋ ಬಿಟ್ಟಿದೆ. ಉದಾಹರಣೆಗಳಲ್ಲಿ ಎಲ್ಲವೂ ಸರಿಯಾದ ಉತ್ತರವನ್ನೇ ಕೊಡುತ್ತಿದ್ದರೆ ಅನುಮಾನ ಪಡಿ. ಬಳಸುವವರು ಕೋಡಿನಲ್ಲಿ ಅಲ್ಲಲ್ಲಿ ‘ರೆಪ್ರ್’ ಹಾಕುತ್ತಿದ್ದರೆ, ಯಾವ ಜಾತಿಯ ಮೌಲ್ಯ ಬರುತ್ತದೆ ಅಂತ ಅವರಿಗೆ ತಿಳಿದಿಲ್ಲ ಅಂತ ಅರ್ಥ. ಅದು ತಪ್ಪು ಹುಡುಕಲು ಇರುವ ಫಂಕ್ಷನ್, ಬಿಲ್ಲಿನಲ್ಲಿ ಅಚ್ಚು ಹಾಕಲು ಅಲ್ಲ.

ಕಳಿಸುವ ಮುಂಚೆ ಕೈಪಿಡಿಯನ್ನು ಕೋಡ್ ನೋಡಿರದ ಒಬ್ಬರ ಕೈಗೆ ಕೊಡಿ. ನಾನು ಆ ಡೈರಿ ಹುಡುಗನಿಗೇ ಕೊಡುತ್ತೇನೆ. ಪಕ್ಕದಲ್ಲಿ ಕೂತಿರಿ, ಬಾಯಿ ಮಾತ್ರ ಬಿಡಬೇಡಿ. ಅವನು ನಿಮ್ಮ ಮುಖ ನೋಡಿದ ಕಡೆಯಲ್ಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆಯಿರಿ. ಹೋದ ಸಲ ನನ್ನ ಪ್ರತಿಯಲ್ಲಿ ಏಳು ಗೆರೆ ಬಿದ್ದವು, ಅದರಲ್ಲಿ ನಾಲ್ಕು "ಕೊಡುವುದು" ಸಾಲಿನ ಎದುರಿಗೇ.